ಹಂಚಿನ ಮನೆಗೆ ಕಬ್ಬಿಣದ ಮಾಡು: ಕೆಲಸ ಹೇಗಿತ್ತು, ನಾವು ಹೇಗಿದ್ದೆವು

ಮನೆಯ ಮಾಡು, ಅಂದರೆ ಚಾವಣಿ, ಬದಲಿಸಿ ಒಂದು ಮಳೆಗಾಲ ಪೂರ್ತಿ ಕಳೆಯಿತು. ಅದಕ್ಕೇ ಈಗ ಬರೆಯುತ್ತಿದ್ದೇನೆ. ಮಾಡಿನ ಕೆಲಸವನ್ನು ಆಷಾಢ ಕಳೆಯದೆ ಹೊಗಳಬಾರದು, ಬೈಯಲೂಬಾರದು. 2025ರ ಮೇ ತಿಂಗಳಲ್ಲೇ ಬರೆದಿದ್ದರೆ ಬರೀ ಸಿಟ್ಟು, ಅಳು ಇರುತ್ತಿತ್ತು.

ಕೆಲಸ ಮಾಡಿಸಿದ ಕಂಟ್ರಾಕ್ಟರ್ ಹೆಸರು ಹೇಳುವುದಿಲ್ಲ. ಪೇಟೆಗೆ ಹೋದರೆ ಮುಖ ನೋಡಬೇಕಾದವರು. ಹಳೇ ಹಂಚಿನ ಮನೆ ಇಟ್ಟುಕೊಂಡು, ಮರದ ಬದಲು ಕಬ್ಬಿಣದ ಟ್ರಸ್ (ಹಂಚು ಹೊರುವ ಪೈಪಿನ ಚೌಕಟ್ಟು) ಹಾಕಿಸೋಣ ಅಂತ ಯೋಚಿಸುತ್ತಿರುವವರಿಗೆ ನನ್ನ ಅನುಭವ ಉಪಯೋಗಕ್ಕೆ ಬಂದರೆ ಸಾಕು.

ನಮ್ಮದು ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ, ಮೇಗರವಳ್ಳಿ ಹತ್ತಿರದ ಒಂಟಿ ಮನೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಜಾಸ್ತಿ ಮಳೆ. ನಮ್ಮಲ್ಲಿ ಅದಕ್ಕಿಂತ ಸ್ವಲ್ಪ ಕಡಿಮೆ ಬೀಳಬಹುದು, ಆದರೆ ಮಾಡಿನ ಮಟ್ಟಿಗೆ ಎರಡೂ ಒಂದೇ. ಮನೆ ಕಟ್ಟಿಸಿದ್ದು ನಮ್ಮ ಮಾವನವರ ತಂದೆ, 1956ರಲ್ಲಿ. ಮತ್ತಿ ಮರದ ತೊಲೆ, ಹಲಸಿನ ಪಕಾಸು (ಇಳಿಜಾರಿಗೆ ಹಾಕುವ ಮರದ ಪಟ್ಟಿ), ಮೇಲೆ ಮಂಗಳೂರು ಹಂಚು. 2024ರ ಜುಲೈ ಮಳೆಯಲ್ಲಿ ಅಡುಗೆಮನೆ ಮೇಲಿನ ಎರಡು ಪಕಾಸು ಕುಸಿದವು. ಗೆದ್ದಲು ಒಳಗೊಳಗೇ ತಿಂದು ಮೇಲಿನ ಸಿಪ್ಪೆಯಷ್ಟೇ ಬಿಟ್ಟಿತ್ತು. ಬೆರಳಲ್ಲಿ ಒತ್ತಿದರೆ ಹಿಟ್ಟು ಉದುರುತ್ತಿತ್ತು. ಆ ಮಳೆಗಾಲ ಇಡೀ ಕೊಪ್ಪರಿಗೆ, ಬಿಂದಿಗೆ, ಹಾಲಿನ ಕ್ಯಾನು ಎಲ್ಲವೂ ಸೋರುವ ಜಾಗದ ಕೆಳಗೇ ಇದ್ದವು. ನಮ್ಮನೆಯವರು ಪ್ರತಿ ವರ್ಷ ಮೇ ತಿಂಗಳಲ್ಲಿ ತಾವೇ ಹತ್ತಿ ಹಂಚು ಕೈಯಾಡಿಸುತ್ತಿದ್ದರು. ಮಂಗ ಹಾರಿ ಒಡೆದದ್ದನ್ನು ಬದಲಿಸುತ್ತಿದ್ದರು. ಅವರಿಗೂ ಈಗ 63 ವರ್ಷ, ಮಂಡಿ ನೋವು. ಇನ್ನು ಹತ್ತಿಸುವ ಧೈರ್ಯ ನನಗಿರಲಿಲ್ಲ.

ಮೂರು ಜನರ ಹತ್ತಿರ ಲೆಕ್ಕ ಕೇಳಿದೆವು. ಮರದಲ್ಲೇ ಮಾಡಿಸೋಣ ಅಂದರೆ ಅಷ್ಟು ಮೋಪು ಎಲ್ಲಿಂದ ತರುವುದು, ರೇಟು ಕೇಳಿಯೇ ಸುಮ್ಮನಾದೆವು. ಎರಡನೆಯವರು ಹಂಚೇ ಬೇಡ, ಬಣ್ಣದ ಶೀಟ್ ಹಾಕಿ ಅಂದರು. ಬೆಂಗಳೂರಲ್ಲಿರುವ ಮಗನಿಗೆ ಅದೇ ಸರಿ ಅನ್ನಿಸಿತು. ಅತ್ತೆಮ್ಮ ಒಪ್ಪಲಿಲ್ಲ. ಅವರಿಗೆ 84. "ಶೀಟಿನ ಅಡಿ ಮಳೆ ಬಂದರೆ ಒಬ್ಬರ ಮಾತು ಒಬ್ಬರಿಗೆ ಕೇಳ್ಸಲ್ಲ. ನಂಗೆ ಮೊದಲೇ ಕಿವಿ ಮಂದ" ಅಂದರು. ಅವರು ಹೇಳಿದ್ದು ಸರಿಯಾಗಿತ್ತು.

ಮೂರನೆಯವರೇ ಈ ಕಂಟ್ರಾಕ್ಟರ್. ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ. ಮೂರು ಸಲ ಬಂದರು. ಅಟ್ಟ ಹತ್ತಿ ಟೇಪ್ ಹಿಡಿದು ಪ್ರತಿ ಅಂಕಣವನ್ನೂ, ಅಂದರೆ ಮಾಡಿನ ಒಂದೊಂದು ಭಾಗವನ್ನೂ, ಅಳೆದರು. ಕಬ್ಬಿಣದ ಟ್ರಸ್, ಅದರ ಮೇಲೆ ಹಳೇ ಹಂಚನ್ನೇ ತೊಳೆದು ಹೊದಿಸುವುದು, ಒಟ್ಟು 1,800 ಚದರ ಅಡಿ, ಅಡಿಗೆ 210 ರೂಪಾಯಿ. ಒಟ್ಟು 3,78,000. ಯಾವ ಪೈಪು, ಎಷ್ಟು ದಪ್ಪ ಅಂತ ಕಾಗದದಲ್ಲಿ ಬರೆದು ಕೊಟ್ಟರು. ಮುಂಗಡ ಒಂದೂವರೆ ಲಕ್ಷ ಕೊಟ್ಟೆವು. ಏಪ್ರಿಲ್ ಎರಡನೇ ವಾರ ಶುರು, 20 ದಿನದಲ್ಲಿ ಮುಗಿಸುವುದು ಅಂತ ಮಾತು. ದಿನ ಮಾತ್ರ ಬಾಯಲ್ಲೇ ಉಳಿಯಿತು, ಕಾಗದಕ್ಕೆ ಇಳಿಯಲಿಲ್ಲ. ಅಲ್ಲೇ ನಾವು ಎಡವಿದ್ದು.

ಎರಡನೇ ವಾರ ಯಾರೂ ಬರಲಿಲ್ಲ. ಏಪ್ರಿಲ್ 21ರಂದು ಪೈಪು ಬಂತು. ಅಂಗಳದಲ್ಲಿ ಇಳಿಸಿ ಹೋದರು. ನಮ್ಮನೆಯವರು ಅಡಿಕೆ ತೂಗಿ ತೂಗಿ ಅಭ್ಯಾಸ ಇರುವವರು. ಕೈಯಲ್ಲಿ ಎತ್ತಿ ನೋಡಿದವರೇ "ಇದು ಹಗುರ ಆಯ್ತಲ್ಲ" ಅಂದರು. ಕಾಗದದಲ್ಲಿ ಬರೆದದ್ದು ಎರಡಿಂಚು ಚೌಕದ ಪೈಪು, 2 ಮಿಲಿಮೀಟರ್ ದಪ್ಪ. ಅದು 20 ಅಡಿ ಉದ್ದಕ್ಕೆ ಹದಿನೇಳೂವರೆ, ಹದಿನೆಂಟು ಕೆಜಿ ಬರಬೇಕು ಅಂತ ಮಗ ಫೋನಲ್ಲಿ ಲೆಕ್ಕ ಹಾಕಿ ಹೇಳಿದ. ಅಡಿಕೆ ತೂಗುವ ಯಂತ್ರವನ್ನು ಜಗಲಿಗೆ ತಂದೆವು. ಪೈಪು ಉದ್ದ, ಎರಡೂ ತುದಿ ನೆಲಕ್ಕೆ ತಾಗಬಾರದು. ಯಂತ್ರದ ಮೇಲೆ ಒಂದು ಮಣೆ ಇಟ್ಟು, ಅದರ ಮೇಲೆ ಪೈಪನ್ನು ನಡುಮಧ್ಯ ಕೂರಿಸಿ, ಅಲ್ಲಾಡದ ಹಾಗೆ ನಾನು ಬೆರಳು ತಾಗಿಸಿಕೊಂಡು ನಿಂತೆ. ನಿಂತ ಮೇಲೆ ಬೆರಳು ತೆಗೆದೆ. ಮಣೆಯ ತೂಕ ಕಳೆದರೆ 14 ಕೆಜಿ 300 ಗ್ರಾಂ. ಇನ್ನೂ ನಾಲ್ಕು ಪೈಪು ತೂಗಿದೆವು. ಎಲ್ಲಾ ಅಷ್ಟೇ. ಅಂದರೆ ದಪ್ಪ 1.6 ಮಿಲಿಮೀಟರ್.

ಕಣ್ಣಿಗೆ ಈ ವ್ಯತ್ಯಾಸ ಗೊತ್ತಾಗುವುದೇ ಇಲ್ಲ. ಆದರೆ ನಮ್ಮ ಮಾಡಿನ ಮೇಲೆ ಸುಮಾರು 2,700 ಹಂಚು ಕೂರಬೇಕು. ಒಣಗಿದ್ದಾಗ ಒಂದು ಹಂಚು ಎರಡೂವರೆ ಕೆಜಿ ಹತ್ತಿರ, ನೀರು ಕುಡಿದರೆ ಇನ್ನೂ ಜಾಸ್ತಿ. ಆರೇಳು ಟನ್ ಭಾರ ನಮ್ಮ ತಲೆ ಮೇಲೆ ಇರುತ್ತದೆ. ಕಂಟ್ರಾಕ್ಟರಿಗೆ ಫೋನ್ ಮಾಡಿದೆವು. ಅಂಗಡಿಯವರು ತಪ್ಪು ಕಳಿಸಿದ್ದಾರೆ ಅಂದರು. ಜಗಳ ಮಾಡಲಿಲ್ಲ, ಬದಲಿಸಿ ಕೊಟ್ಟರು. ಅದಕ್ಕೆ ನಾನು ಅವರಿಗೆ ಪೂರ್ತಿ ಅಂಕ ಕೊಡುತ್ತೇನೆ. ಆದರೆ ಬದಲಿ ಪೈಪು ಬರಲು ಎಂಟು ದಿನ ಹಿಡಿಯಿತು. ಅಷ್ಟರಲ್ಲಿ ವೆಲ್ಡಿಂಗ್ ಹುಡುಗರನ್ನು ಬೇರೆ ಕೆಲಸಕ್ಕೆ ಕಳಿಸಿಯಾಗಿತ್ತು.

ಮೇ 6ಕ್ಕೆ ಹುಡುಗರು ಬಂದರು. ಐದು ಜನ, ಎಲ್ಲಾ ಜಾರ್ಖಂಡಿನವರು. ಕೆಲಸದಲ್ಲಿ ಬೆಂಕಿ. ಬೆಳಗ್ಗೆ ಏಳಕ್ಕೆ ಹತ್ತಿದವರು ಸಂಜೆ ಐದರೊಳಗೆ ಇಡೀ ಮನೆಯ ಹಂಚು ಇಳಿಸಿ, ಹಂಚು ಕೂರುವ ಅಡ್ಡಪಟ್ಟಿ ರೀಪು ಕಿತ್ತು, ಪಕಾಸು ಕಳಚಿ ಅಂಗಳದಲ್ಲಿ ರಾಶಿ ಹಾಕಿದರು. ಅಷ್ಟು ಚುರುಕು ನೋಡಿ ಮಧ್ಯಾಹ್ನದವರೆಗೆ ನನಗೆ ಖುಷಿಯೇ ಆಗಿತ್ತು. ಸಂಜೆ ಜಗಲಿಯಲ್ಲಿ ನಿಂತು ಮೇಲೆ ನೋಡಿದೆ. ಆಕಾಶ ಕಂಡಿತು. 33 ವರ್ಷ ಆಯಿತು ಈ ಮನೆಗೆ ಬಂದು, ಒಳಗಿನಿಂದ ಆಕಾಶ ನೋಡಿದ್ದು ಅವತ್ತೇ. ಹೊಟ್ಟೆಯಲ್ಲಿ ಏನೋ ಕಿವುಚಿದ ಹಾಗಾಯಿತು.

"ಎಲ್ಲಾ ಒಂದೇ ಸಲ ಯಾಕೆ ಬಿಚ್ಚಿದಿರಿ?" ಅಂತ ಕಂಟ್ರಾಕ್ಟರನ್ನು ಕೇಳಿದೆ. "ನಾಳೆಯಿಂದ ವೆಲ್ಡಿಂಗ್ ಅಮ್ಮಾ, ಒಂದು ವಾರ ಅಷ್ಟೆ. ಮಳೆ ಜೂನ್‌ಗೆ ತಾನೇ?" ಅಂದರು. ನಮ್ಮ ಕಡೆ ಮಳೆ ಲೆಕ್ಕ ಇಂಗ್ಲಿಷ್ ತಿಂಗಳಲ್ಲಿ ಇಲ್ಲ. ಅವತ್ತು ಭರಣಿ ಮಳೆಯ ನಕ್ಷತ್ರ ನಡೆಯುತ್ತಿತ್ತು. ಭರಣಿ ಬಂದರೆ ಧರಣಿ ಬದುಕೀತು ಅನ್ನುತ್ತಾರೆ. ತೋಟಕ್ಕೆ ಅದು ನಿಜ. ಆ ವಾರ ಮಾತ್ರ ಭರಣಿ ಬರದೇ ಇರಲಿ ಅಂತ ದೇವರಿಗೆ ತುಪ್ಪದ ದೀಪ ಹಚ್ಚಿದೆ.

ಮೇ 7ರ ರಾತ್ರಿ ಹನ್ನೊಂದೂಕಾಲಿಗೆ ಬಂತು. ಮೊದಲು ಗಾಳಿ. ಅಡಿಕೆ ಚಪ್ಪರಕ್ಕೆ ಹಾಕುವ ಎರಡು ಟಾರ್ಪಾಲನ್ನು ಗೋಡೆಯಿಂದ ಗೋಡೆಗೆ ಎಳೆದು ಕಟ್ಟಿದ್ದರು. ಒಂದು ಹಗ್ಗ ಕಿತ್ತುಕೊಂಡು ಪಟಪಟ ಹೊಡೆಯಲು ಶುರುವಾಯಿತು. ಆಮೇಲೆ ಮಳೆ, ದಪ್ಪ ದಪ್ಪ ಹನಿ. ಹಳೇ ಮನೆಗಳಲ್ಲಿ ಕೋಣೆಗಳ ಮೇಲೆ ಮುಚ್ಚಿಗೆ ಇರುತ್ತದೆ ನೋಡಿ, ಹಲಗೆ ಜೋಡಿಸಿ ಮೇಲೆ ಮಣ್ಣು ಮೆತ್ತಿದ್ದು. ಬೇಸಿಗೆಯಲ್ಲಿ ಮನೆ ತಣ್ಣಗಿರುವುದು ಅದರಿಂದಲೇ. ಎಪ್ಪತ್ತು ವರ್ಷ ಒಂದು ಹನಿಯೂ ನೇರ ಬೀಳದ ಆ ಮಣ್ಣು ನೆನೆಯಿತು. ಹಲಗೆಯ ಸಂದಿನಿಂದ ಕೆಂಪು ನೀರು ಇಳಿಯಿತು. ಅತ್ತೆಮ್ಮನ ಮಂಚದ ಮೇಲೆ, ಅವರ ಹೊದಿಕೆಯ ಮೇಲೆ, ಅವರ ಕೂದಲ ಮೇಲೆ. ನಾನು ಲೈಟ್ ಹಾಕಲು ಹೋದೆ, ಕರೆಂಟ್ ಇರಲಿಲ್ಲ. ಟಾರ್ಚ್ ಬಿಟ್ಟಾಗ ಅವರು ಎದ್ದು ಕೂತಿದ್ದರು, ಕೆನ್ನೆ ಮೇಲೆ ಕೆಂಪು ಗೆರೆ. ರಕ್ತ ಅಂತ ಕೂಗಿಬಿಟ್ಟೆ. "ಮಣ್ಣು ಕಣೆ, ಹೆದರಬೇಡ" ಅಂದರು. ಅವರೇ ನನಗೆ ಧೈರ್ಯ ಹೇಳಿದರು.

ಆ ರಾತ್ರಿ ಮೂವರೂ ಬಚ್ಚಲುಮನೆಯಲ್ಲಿ ಕೂತೆವು. ಅದೊಂದಕ್ಕೇ ಆರ್‌ಸಿಸಿ. ಅಕ್ಕಿ ಮೂಟೆ, ದೇವರ ಪೆಟ್ಟಿಗೆ, ಜಮೀನಿನ ಕಾಗದ ಪತ್ರ ಎಲ್ಲಾ ಅಲ್ಲೇ ತಂದಿಟ್ಟೆವು. ಮಳೆ ಮುಕ್ಕಾಲು ಗಂಟೆ ಬಂದಿರಬೇಕು, ಅಷ್ಟೇ. ನನಗೆ ಬೆಳಗಾಗುವುದೇ ಇಲ್ಲ ಅನ್ನಿಸಿತ್ತು. ಮರುದಿನ ನಾದಿನಿ ಕಾರಲ್ಲಿ ಬಂದು ಅತ್ತೆಮ್ಮನನ್ನು ಕೊಪ್ಪಕ್ಕೆ ಕರೆದುಕೊಂಡು ಹೋದಳು. ಅವರು ಕಾರು ಹತ್ತುವಾಗ ಹಿಂತಿರುಗಿ ಮನೆ ನೋಡಲೇ ಇಲ್ಲ.

ಮಾಡು ರಿಪೇರಿ ಅಂದರೆ ಎಲ್ಲರೂ ಖರ್ಚಿನ ಮಾತೇ ಆಡುತ್ತಾರೆ. ಖರ್ಚು ಗೊತ್ತಿರುವ ಸಂಗತಿ, ಅದಕ್ಕೆ ಮನಸ್ಸು ತಯಾರಾಗಿರುತ್ತದೆ. ಮುಚ್ಚಳ ಇಲ್ಲದ ಮನೆಯಲ್ಲಿ ಮಲಗಿ ಗಾಳಿ ಎದ್ದಾಗೆಲ್ಲ ಕಣ್ಣು ಬಿಡುವುದಕ್ಕೆ ಯಾರೂ ನಮ್ಮನ್ನು ತಯಾರು ಮಾಡಿರಲಿಲ್ಲ. ಹಗಲು ಮೋಡ ಕಂಡರೆ ನನ್ನ ಕೈ ನಡುಗುತ್ತಿತ್ತು. ಅನ್ನ ಸೇರುತ್ತಿರಲಿಲ್ಲ. ನಮ್ಮನೆಯವರು ಮಾತು ಕಡಿಮೆ ಮಾಡಿದರು. ಸಣ್ಣದಕ್ಕೂ ಇಬ್ಬರೂ ಒಬ್ಬರ ಮೇಲೊಬ್ಬರು ರೇಗುತ್ತಿದ್ದೆವು.

ವೆಲ್ಡಿಂಗ್ ಮೇ 14ಕ್ಕೆ ಮುಗಿಯಿತು. ಕೆಲಸ ಗಟ್ಟಿ. ತುಕ್ಕು ಹಿಡಿಯದಂತೆ ಮೊದಲೇ ಬಳಿದ ರೆಡ್ ಆಕ್ಸೈಡ್ ಬಣ್ಣ ವೆಲ್ಡಿಂಗ್ ಕಾವಿಗೆ ಸುಟ್ಟು ಹೋಗುತ್ತದೆ. ಆ ಜಾಗಕ್ಕೆ ಮತ್ತೆ ಬಳಿಯದಿದ್ದರೆ ತುಕ್ಕು ಅಲ್ಲಿಂದಲೇ ಶುರು. ನಮ್ಮನೆಯವರು ಹೇಳಿದ ಮೇಲೆ ಹುಡುಗರು ಪ್ರತಿ ಜಾಯಿಂಟನ್ನೂ ಉಜ್ಜಿ ಎರಡು ಸಲ ಬಳಿದರು. ಆ ಹುಡುಗರ ಮೇಲೆ ನನಗೆ ಒಂದು ದೂರೂ ಇಲ್ಲ. ಮನೆ ಒದ್ದೆಯಾದ ಮರುದಿನ ಬೆಳಗ್ಗೆ ಅವರಲ್ಲಿ ಚಿಕ್ಕವನು ಹೇಳಿಸಿಕೊಳ್ಳದೆ ಪೊರಕೆ ಹಿಡಿದು ಕೆಸರು ಗುಡಿಸಿದ.

15ರಿಂದ ಯಾರೂ ಇಲ್ಲ. ಎಲ್ಲೋ ಒಂದು ಸಭಾಭವನದ ಕೆಲಸ ಅರ್ಜೆಂಟ್ ಅಂತ ಹುಡುಗರನ್ನು ಅಲ್ಲಿಗೆ ಸಾಗಿಸಿದ್ದರು. ಕಂಟ್ರಾಕ್ಟರ್ ಫೋನ್ ಎತ್ತುತ್ತಿರಲಿಲ್ಲ. ಎತ್ತಿದರೆ "ನಾಳೆ ಅಮ್ಮಾ". ನಮ್ಮಲ್ಲಿ ನೆಟ್‌ವರ್ಕ್ ಸಿಗುವುದು ತೋಟದ ಏರಿ ಮೇಲೆ ಮಾತ್ರ. ದಿನಕ್ಕೆ ಎಂಟು, ಹತ್ತು ಸಲ ಏರಿ ಹತ್ತುತ್ತಿದ್ದೆ. ಅವರಿಗೆ ಹತ್ತು ಮನೆಯಲ್ಲಿ ನಮ್ಮದೂ ಒಂದು. ನಮಗೆ ಇರುವುದು ಒಂದೇ ಮನೆ. ಬರುವುದಿಲ್ಲ ಅಂತ ಸತ್ಯ ಹೇಳಿದ್ದರೆ ಬೇರೆ ದಾರಿ ನೋಡುತ್ತಿದ್ದೆವು. ಈ ಒಂದು ವಿಷಯಕ್ಕೆ ಮಾತ್ರ ನಾನು ಅವರನ್ನು ಇವತ್ತಿಗೂ ಕ್ಷಮಿಸಿಲ್ಲ.

20ನೇ ತಾರೀಕು ಊರಿನ ಹಿರಿಯ ಬಡಗಿ ಆಚಾರ್ರನ್ನು ಕರೆಸಿದೆವು. ಹಿಂದೆ ನಮ್ಮ ಕೊಟ್ಟಿಗೆ ಕಟ್ಟಿದವರು. ಈಗ ಅವರಿಗೆ ಮೇಲೆ ಹತ್ತಲು ಆಗುವುದಿಲ್ಲ. ಕೆಳಗೆ ನಿಂತು ಟ್ರಸ್ ನೋಡಿದರು. "ಕಬ್ಬಿಣ ಒಳ್ಳೇದಿದೆ. ರೀಪು ಯಾವ ಅಳತೆಗೆ ಕೂರಿಸಿದ್ರು?" ಅಂತ ಕೇಳಿದರು. ನಮಗೆ ಗೊತ್ತಿರಲಿಲ್ಲ. ಒಂದು ರೀಪಿನಿಂದ ಇನ್ನೊಂದಕ್ಕೆ ಅಳೆದರೆ ಎಲ್ಲಾ ಕಡೆ 13 ಇಂಚು.

ಆಚಾರ್ರು ಹಂಚಿನ ರಾಶಿಯ ಹತ್ತಿರ ಕೂತರು. ಒಂದೊಂದೇ ಹಂಚು ಮಗುಚಿ ಬೆನ್ನಿನ ಅಚ್ಚು ನೋಡಿದರು. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್‌ನವರು ಮೊದಲ ಹಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಆಮೇಲೆ ಆ ಕಡೆ ಎಷ್ಟೋ ಕಾರ್ಖಾನೆಗಳು ಬಂದವು. ನಮ್ಮ ಮಾಡಿನಲ್ಲೇ ಮೂರು ಬೇರೆ ಬೇರೆ ಅಚ್ಚು ಸಿಕ್ಕವು. ಕಾಲಕಾಲಕ್ಕೆ ಒಡೆದದ್ದಕ್ಕೆ ಸಿಕ್ಕಿದ್ದನ್ನು ತಂದು ಹಾಕಿದ್ದರಿಂದ ಹಾಗೆ. ಮೂರನ್ನೂ ಪಕ್ಕ ಪಕ್ಕ ಇಟ್ಟು ತೋರಿಸಿದರು. ಹಂಚಿನ ಹಿಂದೆ ರೀಪಿಗೆ ಕಚ್ಚಿಕೊಳ್ಳುವ ಹಲ್ಲು ಇರುತ್ತದಲ್ಲ, ಅಲ್ಲಿಂದ ಕೆಳತುದಿಯವರೆಗಿನ ಉದ್ದ ಮೂರರಲ್ಲೂ ಒಂದೇ ಅಲ್ಲ. ಅತಿ ಗಿಡ್ಡ ಇರುವುದಕ್ಕೆ ಹನ್ನೆರಡೂವರೆ ಇಂಚಿಗಿಂತ ಜಾಸ್ತಿ ಅಂತರ ಕೊಟ್ಟರೆ ಮೇಲಿನ ಹಂಚು ಕೆಳಗಿನದರ ತಲೆಯನ್ನು ಪೂರ್ತಿ ಮುಚ್ಚುವುದಿಲ್ಲ. "ಬಯಲುಸೀಮೆಗೆ ನಡೀತದೆ ಅಮ್ಮಾ. ನಮ್ಮ ಗಾಳಿಮಳೆ ನೀರನ್ನು ಕೆಳಗಿಂದ ಮೇಲೆ ದೂಡ್ತದೆ" ಅಂದರು. ನಾಲ್ಕು ಹಂಚು ಮೇಲೆ ಇಡಿಸಿ ನನ್ನನ್ನು ಒಳಗೆ ಕಳಿಸಿದರು. ಒಳಗಿನಿಂದ ನೋಡಿದೆ. ಹಂಚಿನ ಸಂದಿಯಲ್ಲಿ ಸಣ್ಣ ಬೆಳಕಿನ ಗೆರೆ. ಅರ್ಧ ಇಂಚಿನ ತಪ್ಪು. ಮಳೆಗೆ ಅಷ್ಟು ಸಾಕು.

ಅಡಿಕೆ ಮರ ಸೀಳಿದ ದಬ್ಬೆಯ ಒಂದು ತುಂಡನ್ನು ಹನ್ನೆರಡೂವರೆ ಇಂಚಿಗೆ ಕತ್ತರಿಸಿ, ತುದಿಗೆ ಸುಣ್ಣ ಹಚ್ಚಿ ನನ್ನ ಕೈಗೆ ಕೊಟ್ಟರು. "ಟೇಪ್ ಬೇಡ. ಪ್ರತಿ ಸಾಲಿಗೂ ಇದನ್ನೇ ಇಟ್ಟು ನೋಡಿ."

22ಕ್ಕೆ ಕಂಟ್ರಾಕ್ಟರ್ ಬಂದರು. ನಮ್ಮನೆಯವರು ಬಾಕಿ ದುಡ್ಡಿನ ವಿಷಯ ಗಟ್ಟಿಯಾಗಿ ಹೇಳಿದ್ದಕ್ಕೆ ಬಂದರು ಅಂತ ನನ್ನ ಊಹೆ. ದಬ್ಬೆ ಇಟ್ಟು ತೋರಿಸಿದೆ. "ಎಲ್ಲಾ ಕಡೆ ಹೀಗೇ ಹಾಕೋದು ಅಮ್ಮಾ, ಏನೂ ಆಗಲ್ಲ" ಅಂದರು. ಒಳಗೆ ಕರೆದುಕೊಂಡು ಹೋಗಿ ಬೆಳಕಿನ ಗೆರೆ ತೋರಿಸಿದೆ. ಸ್ವಲ್ಪ ಹೊತ್ತು ಮೇಲೆ ನೋಡುತ್ತಾ ನಿಂತರು. ಆಮೇಲೆ ಹುಡುಗರಿಗೆ ಕಟ್ಟರ್ ತರಲು ಹೇಳಿದರು. ರೀಪುಗಳನ್ನೆಲ್ಲ ಬಿಡಿಸಿ ಮತ್ತೆ ಕೂರಿಸಿದರು. ಅದಕ್ಕೆ ಒಂದು ರೂಪಾಯಿಯೂ ಜಾಸ್ತಿ ಕೇಳಲಿಲ್ಲ.

ಆ ವರ್ಷದ ಮುಂಗಾರು ನಿಮಗೂ ನೆನಪಿರಬಹುದು. ಜೂನ್ 1ಕ್ಕೆ ಬರಬೇಕಾದದ್ದು ಮೇ 24ಕ್ಕೇ ಕೇರಳಕ್ಕೆ ಬಂತು. 2009ರ ನಂತರ ಅಷ್ಟು ಬೇಗ ಬಂದದ್ದು ಅದೇ ಮೊದಲು. ಎರಡೇ ದಿನದಲ್ಲಿ ನಮ್ಮಲ್ಲೂ ಹಿಡಿಯಿತು. ಹಂಚು ಹೊದಿಸಿದ್ದೆಲ್ಲ ಮಳೆಯಲ್ಲೇ. ಹುಡುಗರು ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು, ಜಾರುವ ಪೈಪಿನ ಮೇಲೆ ಕಾಲು ಇಟ್ಟು ಸಾಲು ಸಾಲಾಗಿ ಹೊದಿಸಿದರು. ನಾನು ಕೆಳಗೆ ನಿಂತು ಒಬ್ಬೊಬ್ಬರ ಕಾಲನ್ನೇ ನೋಡುತ್ತಿದ್ದೆ. ಯಾರಾದರೂ ಬಿದ್ದರೆ ಅಂತ ಎದೆ ಹೊಡೆದುಕೊಳ್ಳುತ್ತಿತ್ತು. ಸರಿಯಾದ ದಿನಕ್ಕೆ ಶುರು ಮಾಡಿದ್ದರೆ ಬೇರೆ ತಾಯಂದಿರ ಮಕ್ಕಳನ್ನು ಆ ಮಳೆಯಲ್ಲಿ ಹತ್ತಿಸುವ ಪ್ರಸಂಗವೇ ಬರುತ್ತಿರಲಿಲ್ಲ ಅಲ್ವಾ? ಗಂಟೆಗೊಮ್ಮೆ ಬಿಸಿ ಕಷಾಯ ಕೊಟ್ಟೆ. ಕೈಲಾದದ್ದು ಅಷ್ಟೇ.

ಮೇ 29ಕ್ಕೆ ಕೊನೆಯ ಮೂಲೆ ಹಂಚು ಕೂತಿತು. ಬಿಚ್ಚಿದ ದಿನದಿಂದ 23 ದಿನ. ಒಡೆದದ್ದಕ್ಕೆ 400 ಹೊಸ ಹಂಚು ಬೇಕಾಯಿತು, 19,200 ರೂಪಾಯಿ. ಕೊನೆಯ 40,000 ಕೊಡದೆ ಇಟ್ಟುಕೊಂಡೆವು. ಒಂದು ಜೋರು ಮಳೆ ನೋಡಿ ಕೊಡುತ್ತೇವೆ ಅಂದೆವು. ಒಪ್ಪಿದರು. ಹಾಗೆ ಇಟ್ಟುಕೊಂಡದ್ದು ಒಳ್ಳೆಯದೇ ಆಯಿತು. ಜೂನ್ ಎರಡನೇ ವಾರ, ಎರಡು ಮಾಡು ಕೂಡುವಲ್ಲಿ ಹಾಕಿದ್ದ ತಗಡಿನ ದೋಣಿ ಸೋರಿತು. ಅಗಲ ಸಾಲದೆ ನೀರು ಅಂಚು ಹತ್ತಿ ಒಳಗೆ ಬರುತ್ತಿತ್ತು. ಈ ಸಲ ಮೂರನೇ ದಿನಕ್ಕೇ ಬಂದು ಅಗಲದ ದೋಣಿ ಹಾಕಿಕೊಟ್ಟರು. ಬಾಕಿಯನ್ನು ಅವತ್ತೇ ಕೊಟ್ಟೆವು.

ಆಮೇಲೆ ಜುಲೈ, ಆಗಸ್ಟ್ ಎರಡೂ ತಿಂಗಳು ಒಂದು ಹನಿ ಒಳಗೆ ಬರಲಿಲ್ಲ. ಮುಚ್ಚಿಗೆಯ ಮಣ್ಣು ಒಣಗಿ ಬಿರುಕು ಬಿಟ್ಟಿತ್ತು, ಸಗಣಿ ಮಣ್ಣು ಕಲಸಿ ಮೆತ್ತಿದೆವು. ಅತ್ತೆಮ್ಮ ಜೂನ್ ಕೊನೆಗೆ ಬಂದರು. ಬಂದ ರಾತ್ರಿ ಒಳ್ಳೆಯ ಮಳೆ. ನಡುರಾತ್ರಿ ಎದ್ದು ಹೋಗಿ ನೋಡಿದೆ. ಅವರು ಮಂಚದ ಮೇಲೆ ಬೆನ್ನು ಹಾಕಿ, ಕಣ್ಣು ಬಿಟ್ಟುಕೊಂಡು ಮಲಗಿದ್ದರು. "ಮಳೆ ಬರ್ತಿದ್ಯಾ? ನಂಗೆ ಕೇಳ್ತಾನೇ ಇಲ್ಲ" ಅಂದರು.

ಕಂಟ್ರಾಕ್ಟರ್ ಹೇಗೆ ಅಂತ ಯಾರಾದರೂ ಕೇಳಿದರೆ ಇಷ್ಟು ಹೇಳುತ್ತೇನೆ. ಕಬ್ಬಿಣದ ಕೆಲಸ ಗೊತ್ತು, ತಪ್ಪು ತೋರಿಸಿದರೆ ತಿದ್ದುತ್ತಾರೆ, ದುಡ್ಡಿನಲ್ಲಿ ಮಾತಿಗೆ ತಪ್ಪುವುದಿಲ್ಲ. ದಿನದ ಮಾತನ್ನು ಮಾತ್ರ ನಂಬಬೇಡಿ. ಪೈಪು ಬಂದ ದಿನವೇ ತೂಗಿ. ಹಂಚು ಬಲ್ಲ ಹಳಬರೊಬ್ಬರನ್ನು ರೀಪು ಕೂರಿಸುವ ದಿನ ಕರೆಸಿ, ಮುಗಿದ ಮೇಲಲ್ಲ.

ನಮ್ಮ ಕೊಟ್ಟಿಗೆಯ ಮಾಡು ಇನ್ನೂ ಬಾಕಿ ಇದೆ. ಸಂಕ್ರಾಂತಿ ಕಳೆದ ಕೂಡಲೇ ಶುರು ಮಾಡಿಸುತ್ತೇವೆ. ಕಬ್ಬಿಣಕ್ಕೆ ಇವರನ್ನೇ ಕರೆಯುವುದು ಅಂತ ಮಾತಾಗಿದೆ, ಅಳತೆಗೆ ಆಚಾರ್ರು ಬರುತ್ತಾರೆ. ಈ ಸಲ ಕಾಗದವನ್ನು ನಾನೇ ಬರೆದಿದ್ದೇನೆ. ಮೊದಲ ಸಾಲು: ಒಂದು ಸಲಕ್ಕೆ ಒಂದೇ ಅಂಕಣ ಬಿಚ್ಚುವುದು, ಅದನ್ನು ಮುಚ್ಚಿದ ಮೇಲೆ ಇನ್ನೊಂದು. ಸುಣ್ಣ ಹಚ್ಚಿದ ದಬ್ಬೆ ತುಂಡು ದೇವರ ಮನೆಯ ಗೂಡಿನಲ್ಲಿದೆ.